ಕಾಗುಣಿತದ ಕೆಂಪು ಗೆರೆಯೂ ಕನ್ನಡವೂ

ಗಣಕಯಂತ್ರದ ಮುಂದೆ ಕುಳಿತು ಮಿಂಚಂಚೆಯ ಪತ್ರಗಳನ್ನು ಬರೆಯುವವರಿಗೆ ಒಂದು ಕೆಂಪು ಗೆರೆಯ ಪರಿಚಯ ಇದ್ದೇ ಇರುತ್ತದೆ. ಪದವೊಂದನ್ನು ಬರೆದು ಮುಗಿಸಿ ಮುಂದಿನದಕ್ಕೆ ಕೈಹಾಕುವಷ್ಟರಲ್ಲಿ, ಹಾವು ಹರಿದ ಜಾಡಿನಂತೆ ಅಂಕುಡೊಂಕಾದ ಆ ಗೆರೆ ಪದದ ಅಡಿಯಲ್ಲಿ ಮೂಡುತ್ತದೆ. ಕಾಗುಣಿತವು ತಪ್ಪಿರಬಹುದೆಂದು ಯಂತ್ರವು ಬರೆಯುವವನಿಗೆ ಕೊಡುವ ಎಚ್ಚರಿಕೆ ಅದು. ಇಂಗ್ಲಿಷಿನಲ್ಲಿ ಬರೆಯುವಾಗ ಪುಟಕ್ಕೆ ಒಂದೋ ಎರಡೋ ಕಾಣಿಸಿಕೊಳ್ಳುವ ಈ ಗೆರೆ, ಅದೇ ತಂತ್ರಾಂಶದಲ್ಲಿ ಕನ್ನಡದ ಪತ್ರವನ್ನು ಬರೆದಾಗ ಸಾಲುಸಾಲಿಗೂ ಹಬ್ಬಿಕೊಳ್ಳುವುದುಂಟು. ಕೆಲವು ವೇಳೆ ಒಂದು ಕಡೆಯೂ ಮೂಡದೆ ಸುಮ್ಮನಿರುವುದೂ ಉಂಟು.

ಇಂಥ ಸಂದರ್ಭದಲ್ಲಿ ನಮ್ಮ ವಿದ್ಯಾರ್ಥಿಗಳು ಹಿಡಿಯುವ ದಾರಿಗಳು ಮೂರು. ಕೆಲವರು ಬೇಸತ್ತು ಪರೀಕ್ಷಕವನ್ನೇ ನಿಲ್ಲಿಸಿಬಿಡುತ್ತಾರೆ. ಅಲ್ಲಿಗೆ ನಿಜವಾದ ತಪ್ಪುಗಳಿಗೂ ಕಾವಲಿಲ್ಲದಂತಾಗಿ, ‘ವಿಧ್ಯಾರ್ಥಿ’ ಎಂದು ಬರೆದ ಅರ್ಜಿಯೇ ಮೇಲಧಿಕಾರಿಗಳ ಕೈ ಸೇರುತ್ತದೆ. ಇನ್ನು ಕೆಲವರು ಗೆರೆಯನ್ನು ಗುರುವಾಕ್ಯವೆಂದು ಬಗೆದು, ಯಂತ್ರವು ಒಪ್ಪುವವರೆಗೆ ಪದಗಳನ್ನು ಒಡೆಯುತ್ತ, ಬದಲಿಸುತ್ತ ಹೋಗುತ್ತಾರೆ. ಮೂರನೆಯವರು, ಯಂತ್ರಕ್ಕೆ ಕನ್ನಡ ಒಗ್ಗದೆಂದು ತೀರ್ಮಾನಿಸಿ ಇಂಗ್ಲಿಷಿಗೆ ಹೊರಳುತ್ತಾರೆ. ಈ ಮೂರು ದಾರಿಗಳೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕೆಂಪು ಗೆರೆಯು ಯಂತ್ರವು ಕೇಳುವ ಒಂದು ಪ್ರಶ್ನೆ. ಅದು ಏಕೆ ಮೂಡಿತು, ಅಥವಾ ಏಕೆ ಮೂಡಲಿಲ್ಲ ಎಂಬುದನ್ನು ವಿಜ್ಞಾನದ ಕ್ರಮದಲ್ಲಿ ಹುಡುಕಬೇಕು. ಹಾಗೆ ಹುಡುಕಿದಾಗ, ದೋಷವು ಕನ್ನಡದ್ದಲ್ಲ, ಕನ್ನಡಕ್ಕಾಗಿ ಇನ್ನೂ ಆಗದೆ ಉಳಿದಿರುವ ಕೆಲಸದ್ದು ಎಂಬುದು ತಿಳಿಯುತ್ತದೆ. ಈ ಮಾತನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಯಂತ್ರವು ಬಲ್ಲುದೆಷ್ಟು?

ಕಾಗುಣಿತ ಪರೀಕ್ಷಕವೆಂಬ ಹೆಸರನ್ನು ಕೇಳಿದವರಿಗೆ, ಅದು ಭಾಷೆಯನ್ನು ಕಲಿತ ಯಾವುದೋ ಪಂಡಿತಯಂತ್ರವೆಂಬ ಭಾವನೆ ಬರುವುದು ಸಹಜ. ವಾಸ್ತವವಾಗಿ ಅದಕ್ಕೆ ಪದದ ಅರ್ಥ ತಿಳಿಯದು, ವಾಕ್ಯದ ಆಶಯ ತಿಳಿಯದು. ಅದರ ಬಳಿ ಇರುವುದು ಒಂದು ಪದಪಟ್ಟಿ, ಮತ್ತು ಆ ಪಟ್ಟಿಯನ್ನು ಹಿಗ್ಗಿಸಿಕೊಳ್ಳುವ ಕೆಲವು ಸೂತ್ರಗಳು, ಅಷ್ಟೆ. ಬರೆದ ಪದವು ಪಟ್ಟಿಯೊಡನೆ ತಾಳೆಯಾದರೆ ಅದು ಸುಮ್ಮನಿರುತ್ತದೆ. ತಾಳೆಯಾಗದಿದ್ದರೆ ಗೆರೆ ಎಳೆಯುತ್ತದೆ. ಪರೀಕ್ಷಾಮಂದಿರದ ಬಾಗಿಲಿನಲ್ಲಿ ನೋಂದಣಿ ಸಂಖ್ಯೆಗಳ ಪಟ್ಟಿಯನ್ನು ಹಿಡಿದು ನಿಂತ ಜವಾನನಿಗೆ ಇದನ್ನು ಹೋಲಿಸಬಹುದು. ಪಟ್ಟಿಯಲ್ಲಿ ಸಂಖ್ಯೆ ಇದ್ದವನನ್ನು, ಅವನು ಓದಿರಲಿ ಓದದಿರಲಿ, ಜವಾನನು ಒಳಗೆ ಬಿಡುತ್ತಾನೆ. ಕಚೇರಿಯವರ ಕೈತಪ್ಪಿನಿಂದ ಸಂಖ್ಯೆ ಬಿಟ್ಟುಹೋಗಿದ್ದರೆ ತರಗತಿಗೇ ಮೊದಲಿಗನನ್ನೂ ತಡೆದು ನಿಲ್ಲಿಸುತ್ತಾನೆ.

ಈ ವಿದ್ಯೆಯ ಇತಿಹಾಸವು ಅಷ್ಟೇನೂ ಹಳೆಯದಲ್ಲ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಲೆಸ್ ಅರ್ನೆಸ್ಟ್ ಎಂಬವರು ಕೈಬರಹವನ್ನು ಗುರುತಿಸುವ ಯಂತ್ರಕ್ಕೆ ಸಹಾಯಕವಾಗಿ 10,000 ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಬಳಸಿದರು. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರಾಲ್ಫ್ ಗೋರಿನ್ ಎಂಬವರು, ಸಾಮಾನ್ಯ ಬರೆವಣಿಗೆಯನ್ನು ಪರೀಕ್ಷಿಸುವ ‘ಸ್ಪೆಲ್’ ಎಂಬ ತಂತ್ರಾಂಶವನ್ನು ರಚಿಸಿದರು. ಅದೇ ದಶಕದಲ್ಲಿ ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕ್‌ಇಲ್‌ರಾಯ್ ಅವರ ಮುಂದೆ ಬೇರೊಂದು ಸಮಸ್ಯೆಯಿದ್ದಿತು. ಅವರ ಯಂತ್ರದಲ್ಲಿ ಒಂದು ಕಾರ್ಯಕ್ರಮಕ್ಕೆ ದೊರೆಯುತ್ತಿದ್ದ ಸ್ಮೃತಿ 64 ಕಿಲೋಬೈಟು ಮಾತ್ರ; ಅದರೊಳಗೆ ಸುಮಾರು 30,000 ಪದಗಳನ್ನು ಹಿಡಿಸಬೇಕಿದ್ದಿತು. ಪದದ ಹಿಂದುಮುಂದಿನ ಪ್ರತ್ಯಯಗಳನ್ನು ಕಳಚಿ, ಮೂಲಪದವನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಳ್ಳುವ ಉಪಾಯವು ಅಲ್ಲಿ ಚೆನ್ನಾಗಿ ನೆರವಿಗೆ ಬಂದಿತು. ಈ ಉಪಾಯವನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಕನ್ನಡದ ವಿಚಾರಕ್ಕೆ ಬಂದಾಗ ಇದರ ಅಗತ್ಯ ನಮಗೆ ಮತ್ತೆ ಬೀಳುತ್ತದೆ.

ಯಂತ್ರವು ಸೂಚಿಸುವ ಬದಲಿ ಪದಗಳಾದರೂ ಎಲ್ಲಿಂದ ಬರುತ್ತವೆ? 1964ರಲ್ಲಿ ಐ.ಬಿ.ಎಂ. ಸಂಸ್ಥೆಯ ಫ್ರೆಡರಿಕ್ ಡ್ಯಾಮೆರಾ ಎಂಬವರು ತಾವು ಪರಿಶೀಲಿಸಿದ ತಪ್ಪುಗಳ ಪೈಕಿ ನೂರಕ್ಕೆ 80ಕ್ಕೂ ಹೆಚ್ಚಿನವು ನಾಲ್ಕೇ ಬಗೆಯವೆಂದು ತೋರಿಸಿದರು. ಒಂದು ಅಕ್ಷರ ಬಿಟ್ಟುಹೋಗುವುದು, ಒಂದು ಹೆಚ್ಚಾಗಿ ಸೇರುವುದು, ಒಂದರ ಬದಲು ಮತ್ತೊಂದು ಬೀಳುವುದು, ಅಕ್ಕಪಕ್ಕದ ಎರಡು ಅಕ್ಷರಗಳು ಅದಲುಬದಲಾಗುವುದು. ಆದುದರಿಂದ ತಪ್ಪಾದ ಪದದ ಮೇಲೆ ಈ ನಾಲ್ಕು ಕ್ರಿಯೆಗಳನ್ನು ನಡೆಸಿ, ದೊರೆತ ರೂಪಗಳಲ್ಲಿ ಪಟ್ಟಿಯಲ್ಲಿರುವಂಥವನ್ನು ಆರಿಸಿಕೊಂಡರೆ ಸಾಕು. ಐದು ಅಕ್ಷರಗಳ ಇಂಗ್ಲಿಷ್ ಪದವೊಂದನ್ನು ತೆಗೆದುಕೊಳ್ಳೋಣ. ಒಂದಕ್ಷರವನ್ನು ಬಿಟ್ಟು 5 ರೂಪಗಳು, ಅದಲುಬದಲು ಮಾಡಿ 4, ಒಂದರ ಬದಲು ಉಳಿದ 25ರಲ್ಲಿ ಒಂದನ್ನು ಇಟ್ಟು 125, ಆರು ಸ್ಥಾನಗಳಲ್ಲಿ 26 ಅಕ್ಷರಗಳನ್ನು ಸೇರಿಸಿ 156, ಒಟ್ಟು 290. ಯಂತ್ರಕ್ಕೆ ಇಷ್ಟನ್ನು ಪರೀಕ್ಷಿಸುವುದು ಕ್ಷಣಮಾತ್ರದ ಕೆಲಸ.

ಇಲ್ಲಿಯೇ ಈ ವಿದ್ಯೆಯ ಮಿತಿಯೂ ಸ್ಪಷ್ಟವಾಗುತ್ತದೆ. ‘ಅಕ್ಕಿಯ ಬೆಲೆ ಏರಿತು’ ಎನ್ನಲು ಹೋಗಿ ‘ಅಕ್ಕಿಯ ಬೆಳೆ ಏರಿತು’ ಎಂದು ಬರೆದರೆ ಪಟ್ಟಿಯನ್ನು ಹಿಡಿದ ಯಂತ್ರವು ತುಟಿ ಎರಡು ಮಾಡುವುದಿಲ್ಲ. ಎರಡೂ ಪದಗಳು ಪಟ್ಟಿಯಲ್ಲಿವೆಯಷ್ಟೆ. ಅಂದಮೇಲೆ ಗೆರೆ ಮೂಡಿದ ಪದವೆಲ್ಲ ತಪ್ಪೂ ಅಲ್ಲ, ಮೂಡದ ಪದವೆಲ್ಲ ಸರಿಯೂ ಅಲ್ಲ.

ದೋಷವನ್ನು ಹುಡುಕುವ ಕ್ರಮ

ಮೇಜಿನ ಗಣಕಯಂತ್ರದಲ್ಲಿ ಬಳಸುವ ಮಿಂಚಂಚೆಯ ತಂತ್ರಾಂಶಗಳಲ್ಲಿ ‘ಥಂಡರ್‌ಬರ್ಡ್’ ಎಂಬುದು ಪ್ರಸಿದ್ಧವಾದುದು. ಇದರ ಮೊದಲನೆಯ ಪೂರ್ಣ ಆವೃತ್ತಿ 2004ರ ಡಿಸೆಂಬರಿನಲ್ಲಿ ಹೊರಬಂದಿತು. ಇದು ಉಚಿತವಾಗಿ ದೊರೆಯುವುದಲ್ಲದೆ, ಇದರ ಒಳರಚನೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ್ದರಿಂದ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅನುಕೂಲವಾಗಿದೆ. ಇದನ್ನೇ ಉದಾಹರಣೆಯಾಗಿಟ್ಟುಕೊಂಡು, ಕಾಗುಣಿತ ಪರೀಕ್ಷಕವು ಕೈಕೊಟ್ಟಾಗ ಏನು ಮಾಡಬೇಕೆಂಬುದನ್ನು ನೋಡೋಣ.

ವೈದ್ಯನು ಮೊದಲು ರೋಗದ ಲಕ್ಷಣವನ್ನು ವಿಚಾರಿಸುವಂತೆ, ಇಲ್ಲಿಯೂ ಲಕ್ಷಣವನ್ನು ಗೊತ್ತುಮಾಡಿಕೊಳ್ಳಬೇಕು. ಲಕ್ಷಣಗಳು ಮೂರು ಬಗೆ: ಎಲ್ಲಿಯೂ ಗೆರೆ ಇಲ್ಲ, ಎಲ್ಲೆಲ್ಲಿಯೂ ಗೆರೆ, ತಪ್ಪಾದ ಒಂದು ಪದಕ್ಕೆ ಮಾತ್ರ ಗೆರೆ ಇಲ್ಲ.

ಎಲ್ಲಿಯೂ ಗೆರೆ ಇಲ್ಲದಿದ್ದರೆ, ಹೊಸ ಪತ್ರವೊಂದನ್ನು ತೆರೆದು, ಯಾವ ಭಾಷೆಯಲ್ಲಿಯೂ ಇರಲಾರದ ಅಕ್ಷರಗಳ ಗೊಂಚಲೊಂದನ್ನು ಬೇಕೆಂದೇ ಬರೆಯಬೇಕು. ಅದಕ್ಕೂ ಗೆರೆ ಬೀಳದಿದ್ದರೆ ಪರೀಕ್ಷಕವು ಕೆಲಸ ಮಾಡುತ್ತಿಲ್ಲವೆಂಬುದು ಖಚಿತ. ಆಗ ‘ಸೆಟಿಂಗ್ಸ್’ ವಿಭಾಗದ ‘ಕಾಂಪೊಸಿಷನ್’ ಪುಟದಲ್ಲಿ, ಬರೆಯುತ್ತಿರುವಾಗಲೇ ಕಾಗುಣಿತವನ್ನು ಪರೀಕ್ಷಿಸಬೇಕೆಂಬ ಸೂಚನೆಯ ಮುಂದೆ ಗುರುತು ಇದೆಯೇ ಎಂದು ನೋಡತಕ್ಕದ್ದು. ಗುರುತಿದ್ದರೆ, ಯಾವುದಾದರೊಂದು ಭಾಷೆಯ ನಿಘಂಟು ಆಯ್ಕೆಯಾಗಿದೆಯೇ ಎಂದು ನೋಡತಕ್ಕದ್ದು. ಪಟ್ಟಿಯೇ ಇಲ್ಲದ ಜವಾನನು ಯಾರನ್ನೂ ತಡೆಯಲಾರನಷ್ಟೆ. ಬರೆದ ಗೊಂಚಲಿಗೆ ಗೆರೆ ಬಿದ್ದು, ಉತ್ತರದೊಳಗೆ ಉಲ್ಲೇಖವಾಗಿ ಬಂದ ಹಳೆಯ ಪತ್ರದ ತಪ್ಪುಗಳಿಗೆ ಬೀಳದಿದ್ದರೆ ಅದು ದೋಷವಲ್ಲ. ಇನ್ನೊಬ್ಬರ ಪತ್ರವನ್ನು ತಿದ್ದುವುದು ನಮ್ಮ ಕೆಲಸವಲ್ಲವಾದ್ದರಿಂದ, ಉಲ್ಲೇಖದ ಭಾಗವನ್ನು ಪರೀಕ್ಷಿಸದೆ ಬಿಡುವಂತೆಯೇ ಅದನ್ನು ರಚಿಸಿದ್ದಾರೆ.

ಎಲ್ಲೆಲ್ಲಿಯೂ ಗೆರೆ ಕಂಡುಬಂದರೆ, ಬರೆಯುತ್ತಿರುವ ಭಾಷೆ ಒಂದು, ಆಯ್ಕೆಯಾಗಿರುವ ನಿಘಂಟು ಮತ್ತೊಂದು ಆಗಿರುವ ಸಂಭವವೇ ಹೆಚ್ಚು. ಇಂಗ್ಲಿಷ್ ನಿಘಂಟಿನ ಮುಂದೆ ಕನ್ನಡವನ್ನು ಇಟ್ಟರೆ ಪ್ರತಿಯೊಂದು ಪದವೂ ಅಪರಿಚಿತವೇ. ಭಾಷೆ ಒಂದೇ ಆದರೂ ಈ ತೊಡಕು ಬರಬಹುದು. ‘ಕಲರ್’ ಎಂಬ ಪದದಲ್ಲಿ ಬ್ರಿಟಿಷರು ಬರೆಯುವ ‘ಯು’ ಅಕ್ಷರವನ್ನು ಅಮೆರಿಕದವರು ಬರೆಯುವುದಿಲ್ಲವಾದ್ದರಿಂದ, ಒಬ್ಬರ ಪಟ್ಟಿಗೆ ಮತ್ತೊಬ್ಬರ ಪದ ತಪ್ಪಾಗಿ ಕಾಣುತ್ತದೆ. ಬೇಕಾದ ಭಾಷೆಯ ನಿಘಂಟು ತಂತ್ರಾಂಶದೊಡನೆ ಬಂದಿರದಿದ್ದರೆ ಅದನ್ನು ಬೇರೆಯಾಗಿ ಇಳಿಸಿಕೊಂಡು ಸೇರಿಸಬೇಕಾಗುತ್ತದೆ. ಈಚಿನ ಆವೃತ್ತಿಗಳಲ್ಲಿ ಒಂದಕ್ಕಿಂತ ಹೆಚ್ಚು ನಿಘಂಟುಗಳನ್ನು ಏಕಕಾಲದಲ್ಲಿ ಆಯ್ದುಕೊಳ್ಳಬಹುದಾದ್ದರಿಂದ, ಕನ್ನಡದ ನಡುವೆ ಇಂಗ್ಲಿಷ್ ವಾಕ್ಯಗಳನ್ನು ಬೆರೆಸಿ ಬರೆಯುವವರಿಗೂ ತೊಂದರೆಯಿಲ್ಲ.

ಮೂರನೆಯ ಲಕ್ಷಣವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಕೆಂಪು ಗೆರೆ ಬಿದ್ದ ಪದವನ್ನು ‘ನಿಘಂಟಿಗೆ ಸೇರಿಸು’ ಎಂದು ಹೇಳುವ ಅವಕಾಶ ತಂತ್ರಾಂಶದಲ್ಲಿದೆ. ಊರಿನ ಹೆಸರು, ಗೆಳೆಯನ ಹೆಸರು ಮುಂತಾದುವಕ್ಕೆ ಇದು ಉಪಯುಕ್ತವೇ ಸರಿ. ಆದರೆ ಅವಸರದಲ್ಲಿ ‘ವಿಧ್ಯಾರ್ಥಿ’ಯನ್ನು ಒಮ್ಮೆ ಸೇರಿಸಿಬಿಟ್ಟರೆ, ಅಂದಿನಿಂದ ಯಂತ್ರದ ಪಾಲಿಗೆ ಅದೇ ಸರಿಯಾದ ರೂಪ. ಹೀಗೆ ಸೇರಿದ ಪದಗಳು ಬಳಕೆದಾರನ ಸ್ವಂತ ಪಟ್ಟಿಯೊಂದರಲ್ಲಿ ಉಳಿದಿರುತ್ತವೆ. ಆ ಪಟ್ಟಿಯನ್ನು ಆಗಾಗ ತೆರೆದು ಶುದ್ಧಿಮಾಡುತ್ತಿರಬೇಕು.

ಮೇಲಿನ ಪರೀಕ್ಷೆಗಳಲ್ಲೆಲ್ಲ ಒಂದು ನಿಯಮವನ್ನು ಪಾಲಿಸುವುದು ಅವಶ್ಯ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದೊಡನೆ ಫಲವನ್ನು ನೋಡಬೇಕು. ಹತ್ತು ಗುಂಡಿಗಳನ್ನು ಒಟ್ಟಿಗೆ ಒತ್ತಿ ಯಂತ್ರ ಸರಿಯಾದರೂ, ಏಕೆ ಸರಿಯಾಯಿತೆಂಬುದು ತಿಳಿಯದೆ ಹೋಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದವನ್ನು ಬದಲಿಸುವಾಗ ಉಳಿದುದೆಲ್ಲವನ್ನೂ ಹಾಗೆಯೇ ಇರಿಸಿಕೊಳ್ಳುವ ವಿದ್ಯಾರ್ಥಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣಿಗೆ ಕಾಣದ ತಪ್ಪುಗಳು

ಕನ್ನಡದ ನಿಘಂಟನ್ನು ಸೇರಿಸಿ, ಅದನ್ನೇ ಆಯ್ದುಕೊಂಡ ಮೇಲೆಯೂ ಗೆರೆಗಳು ತಗ್ಗದಿರಬಹುದು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಕಣ್ಣು ಕಾಣುವುದಕ್ಕೂ ಯಂತ್ರವು ಕಾಣುವುದಕ್ಕೂ ಇರುವ ವ್ಯತ್ಯಾಸ.

ಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು. ಅಕ್ಷರಕ್ಕೆ ಗೊತ್ತುಮಾಡಿದ ಸಂಖ್ಯೆ ಮಾತ್ರ ತಿಳಿಯುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಇಂಥ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ದೊರೆತಿವೆ. ಇವುಗಳಲ್ಲಿ ಅನುಸ್ವಾರದ ಸಂಖ್ಯೆ 3202; ಕನ್ನಡದ ಸೊನ್ನೆ ಎಂಬ ಅಂಕಿಯ ಸಂಖ್ಯೆ 3302. ಎರಡೂ ನೋಡುವುದಕ್ಕೆ ಒಂದೇ ಬಗೆಯ ಸೊನ್ನೆಗಳು. ‘ಸಂದೇಶ’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಒತ್ತಿ ‘ಸ೦ದೇಶ’ ಎಂದು ಬರೆದರೆ ಓದುಗನಿಗೆ ಭೇದವು ಕಾಣದು. ಯಂತ್ರಕ್ಕಾದರೋ ಅದು ನಡುವೆ ಅಂಕಿಯೊಂದು ಸಿಕ್ಕಿಕೊಂಡಿರುವ ಅಕ್ಷರಗಳ ಗುಂಪು. ಪಟ್ಟಿಯಲ್ಲಿರುವ ‘ಸಂದೇಶ’ದೊಡನೆ ಅದು ತಾಳೆಯಾಗದು. ಮುಂದೆಂದಾದರೂ ಹಳೆಯ ಪತ್ರಗಳಲ್ಲಿ ‘ಸಂದೇಶ’ವನ್ನು ಹುಡುಕಿದರೂ ಈ ಪತ್ರ ಸಿಗದು.

ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಅಕ್ಷರಗಳೂ ಇವೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ‘ವೇ’ ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಬೇಕಾದರೆ ಅದರ ಹಿಂದೆ ಇಂಥದೊಂದು ಅಕ್ಷರವನ್ನು ಇಡಬೇಕು. ಅದೇ ಅಕ್ಷರವು ಅಗತ್ಯವಿಲ್ಲದ ಕಡೆ, ಪದದ ತುದಿಯಲ್ಲಿ, ಉಳಿದುಬಿಟ್ಟರೆ ನೋಟದಲ್ಲಿ ಬದಲಾವಣೆಯಿಲ್ಲ. ಸಂಖ್ಯೆಗಳ ಸಾಲು ಮಾತ್ರ ಬೇರೆಯಾಯಿತು. ಇನ್ನು, ಯೂನಿಕೋಡ್ ಬಳಕೆಗೆ ಬರುವ ಮುನ್ನ ರಚಿಸಿದ ಕೆಲವು ಅಕ್ಷರಶೈಲಿಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳಿಗೆ ಹೊಂದಿಸಿದ್ದರು. ಅಂಥ ಬರೆಹವನ್ನು ಹಾಗೆಯೇ ತಂದು ಪತ್ರದಲ್ಲಿ ಅಂಟಿಸಿದರೆ ಪರೀಕ್ಷಕವಿರಲಿ, ಪತ್ರವನ್ನು ಪಡೆದವರೂ ಅದನ್ನು ಓದಲಾರರು. ಇಂಥ ಕಡೆಗಳಲ್ಲಿ ಪದವು ಪಟ್ಟಿಯೊಡನೆ ತಾಳೆಯಾಗದಿರುವುದು ಸರಿಯಾದ ಎಚ್ಚರಿಕೆಯೇ. ಕಣ್ಣಿಗೆ ಸಿಕ್ಕದ ತಪ್ಪನ್ನು ಸಂಖ್ಯೆಗಳು ಹಿಡಿದುಕೊಡುತ್ತವೆ. ಪರೀಕ್ಷಕವನ್ನು ನಿಲ್ಲಿಸಬಾರದೆನ್ನುವುದಕ್ಕೆ ಇದೊಂದು ಕಾರಣ.

ಒಂದು ಪದಕ್ಕೆ ಅರುವತ್ತು ರೂಪ

ಎರಡನೆಯ ಕಾರಣವು ನಮ್ಮ ಭಾಷೆಯ ರಚನೆಗೆ ಸಂಬಂಧಿಸಿದುದು. ಇಂಗ್ಲಿಷಿನಲ್ಲಿ ಮರವನ್ನು ಹೇಳುವ ‘ಟ್ರೀ’ ಎಂಬ ನಾಮಪದಕ್ಕೆ ಏಕವಚನ, ಬಹುವಚನ, ಇವೆರಡರ ಷಷ್ಠೀರೂಪ ಎಂದು ಒಟ್ಟು ನಾಲ್ಕು ಲಿಖಿತ ರೂಪಗಳು. ಕನ್ನಡದ ‘ಮರ’ವನ್ನು ತೆಗೆದುಕೊಳ್ಳೋಣ. ಶಾಲೆಯ ವ್ಯಾಕರಣದ ಏಳು ವಿಭಕ್ತಿಗಳಲ್ಲಿ ಪಂಚಮಿಯ ‘ದೆಸೆಯಿಂದ’ ಎಂಬುದು ಬೇರೆ ಪದವಾಗಿ ನಿಲ್ಲುವುದರಿಂದ ಅದನ್ನು ಬಿಟ್ಟರೆ ಆರು. ಎರಡು ವಚನಗಳಿಂದ ಹನ್ನೆರಡು. ಪ್ರತಿಯೊಂದೂ ಹಾಗೆಯೇ ನಿಲ್ಲಬಹುದು, ಇಲ್ಲವೆ ಊ, ಏ, ಓ, ಅಂತೂ ಎಂಬ ನಾಲ್ಕರಲ್ಲಿ ಒಂದನ್ನು ಸೇರಿಸಿಕೊಂಡು ‘ಮರದಲ್ಲಿಯೂ’, ‘ಮರಗಳನ್ನೇ’, ‘ಮರಕ್ಕಂತೂ’ ಎಂದಾಗಬಹುದು. ಹನ್ನೆರಡನ್ನು ಐದರಿಂದ ಗುಣಿಸಿದರೆ ಅರುವತ್ತು. ಎಲ್ಲ ರೂಪಗಳೂ ಸಮಾನವಾಗಿ ಬಳಕೆಯಲ್ಲಿಲ್ಲದಿದ್ದರೂ ಲೆಕ್ಕದ ಗಾತ್ರವನ್ನು ತಿಳಿಯಲು ಇಷ್ಟು ಸಾಕು. ಹತ್ತು ಸಾವಿರ ನಾಮಪದಗಳಿಗೆ ಆರು ಲಕ್ಷ ರೂಪಗಳಾದುವು! ಇದಾದ ಮೇಲೆ ‘ಮರದಲ್ಲಿದೆ’, ‘ಮರವಲ್ಲ’, ‘ಮರಕ್ಕಿಂತ’, ‘ಮರವೆಂದು’, ‘ಮರದಂತಿರುವ’ ಮುಂತಾಗಿ ಸಂಧಿಯಿಂದ ಹುಟ್ಟುವ ರೂಪಗಳಿಗೆ ಕೊನೆಯೇ ಇಲ್ಲ. ಕ್ರಿಯಾಪದಗಳ ಮಾತನ್ನಂತೂ ನಾವು ಇನ್ನೂ ಎತ್ತಿಯೇ ಇಲ್ಲ.

1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅಷ್ಟನ್ನೂ ಯಂತ್ರಕ್ಕೆ ಉಣಿಸಿದರೂ ‘ಮರ’ವನ್ನು ಬಲ್ಲ ಯಂತ್ರವು ‘ಮರದಲ್ಲಿಯೂ’ ಎಂಬುದಕ್ಕೆ ಗೆರೆ ಎಳೆಯುತ್ತದೆ. ಕನ್ನಡಕ್ಕಾಗಿ ಉತ್ಸಾಹಿಗಳು ಸಿದ್ಧಪಡಿಸಿರುವ ಪದಪಟ್ಟಿಗಳ ತೊಡಕೂ ಇದೇ. ಅವರ ಶ್ರಮಕ್ಕೆ ನಾವು ಋಣಿಗಳು. ಆದರೆ ಪದಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುವುದು ಸಮುದ್ರವನ್ನು ಬಿಂದಿಗೆಯಿಂದ ಅಳೆದಂತೆ. ಬೇಕಾದುದು ಸೂತ್ರ.

ಹಂಗೆರಿ ಕಲಿಸುವ ಪಾಠ

ಈ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. ಪ್ರತ್ಯಯದ ಮೇಲೆ ಪ್ರತ್ಯಯವನ್ನು ಪೋಣಿಸುವ ಹಂಗೆರಿಯ ಭಾಷೆ, ಫಿನ್‌ಲೆಂಡಿನ ಭಾಷೆ, ತುರ್ಕಿ ಭಾಷೆ ಇವೆಲ್ಲಕ್ಕೂ ಇದ್ದುದೇ. ಅಲ್ಲಿಯವರು ಏನು ಮಾಡಿದರೆಂಬುದು ನಮಗೆ ಮಾರ್ಗದರ್ಶಕವಾಗಬೇಕು.

ಹಿಂದೆ ಬಳಕೆಯಲ್ಲಿದ್ದ ‘ಮೈಸ್ಪೆಲ್’ ಎಂಬ ಪರೀಕ್ಷಕವು ಒಂದು ಪದದಿಂದ ಒಂದು ಪ್ರತ್ಯಯವನ್ನು ಮಾತ್ರ ಕಳಚಬಲ್ಲುದಾಗಿದ್ದಿತು. ಇಂಗ್ಲಿಷಿಗೆ ಅಷ್ಟು ಸಾಕು. ಹಂಗೆರಿಯ ಭಾಷೆಗೆ ಸಾಲದು. ಆ ದೇಶದ ಲಾಸ್ಲೊ ನೆಮೆತ್ ಎಂಬವರು ಯಂತ್ರವು ಒಪ್ಪಲೆಂದು ತಮ್ಮ ಭಾಷೆಯನ್ನು ಕತ್ತರಿಸಲು ಹೊರಡಲಿಲ್ಲ. ತಮ್ಮ ಭಾಷೆಗೆ ಒಪ್ಪುವಂತೆ ಪರೀಕ್ಷಕವನ್ನೇ ಬೆಳೆಸಿದರು. ಎರಡು ಪದರಗಳ ಪ್ರತ್ಯಯಗಳನ್ನು ಕಳಚಬಲ್ಲ, ಸಮಾಸಗಳನ್ನು ಬಿಡಿಸಬಲ್ಲ ‘ಹನ್‌ಸ್ಪೆಲ್’ ಹೀಗೆ ಹುಟ್ಟಿತು. ಹೆಸರಿನಲ್ಲಿಯೇ ಹಂಗೆರಿಯ ಗುರುತಿದೆ. ಇಂದು ಥಂಡರ್‌ಬರ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮೊದಲಾದ ತಂತ್ರಾಂಶಗಳಲ್ಲಿ ಕೆಂಪು ಗೆರೆಯನ್ನು ಎಳೆಸುತ್ತಿರುವುದು ಇದೇ. ಹಂಗೆರಿಯ ಒಬ್ಬ ಭಾಷಾಪ್ರೇಮಿ ತನ್ನ ಮನೆಯ ದೀಪಕ್ಕೆಂದು ಎರೆದ ಎಣ್ಣೆಯಿಂದ ಇಂಗ್ಲಿಷಿನವರ ಮನೆಯೂ ಬೆಳಗುತ್ತಿದೆ.

ಫಿನ್‌ಲೆಂಡಿನ ಭಾಷೆಯಲ್ಲಿ ವಿಭಕ್ತಿಗಳೇ ಹದಿನೈದು. ಅಲ್ಲಿಯ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಕಿಮ್ಮೊ ಕೊಸ್ಕೆನ್ನಿಯೆಮಿ ಅವರು 1983ರಲ್ಲಿ, ಪದವು ಪ್ರತ್ಯಯಗಳೊಡನೆ ಕೂಡುವಾಗ ಆಗುವ ಅಕ್ಷರವ್ಯತ್ಯಾಸಗಳನ್ನೆಲ್ಲ ಯಂತ್ರಕ್ಕೆ ತಿಳಿಯುವ ಸೂತ್ರಗಳಾಗಿ ಬರೆಯುವ ವಿಧಾನವನ್ನು ಪ್ರಕಟಿಸಿದರು. ಇದೇ ಜಾಡಿನಲ್ಲಿ ನಡೆದು, ನಮ್ಮ ನೆರೆಯ ಮಲಯಾಳಕ್ಕೆ ‘ಎಂಎಲ್‌ಮಾರ್ಫ್’ ಎಂಬ ಮುಕ್ತ ತಂತ್ರಾಂಶವೂ ಸಿದ್ಧವಾಗಿದೆ. ಹೊರೆ ಒಂದೇ ಆಗಿರುವಾಗ ನೆರೆಯವರು ಹೊತ್ತುದನ್ನು ನಾವು ಹೊರಲಾರೆವೆನ್ನುವುದಕ್ಕೆ ಕಾರಣವನ್ನು ನಾವು ಕಾಣೆವು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಹನ್‌ಸ್ಪೆಲ್ಲಿಗೆ ಒಂದು ಭಾಷೆಯನ್ನು ಕಲಿಸಲು ಎರಡು ಕಡತಗಳು ಬೇಕು. ಒಂದರಲ್ಲಿ ಮೂಲಪದಗಳು, ಪ್ರತಿಯೊಂದರ ಮುಂದೆ ಅದು ಯಾವ ವರ್ಗದ್ದೆಂಬ ಗುರುತು. ಇನ್ನೊಂದರಲ್ಲಿ ಆಯಾ ವರ್ಗಕ್ಕೆ ಅನ್ವಯಿಸುವ ಸೂತ್ರಗಳು: ಪದದ ತುದಿಯಿಂದ ಇಷ್ಟನ್ನು ತೆಗೆ, ಇಷ್ಟನ್ನು ಸೇರಿಸು ಎಂದು. ‘ಊರು’ ಎಂಬುದರಿಂದ ಉಕಾರದ ಕೊಂಬನ್ನು ತೆಗೆದು ‘ನ್ನು’ ಸೇರಿಸಿದರೆ ‘ಊರನ್ನು’ ಆಗುತ್ತದೆ. ‘ಮನೆ’ಯಿಂದ ಏನನ್ನೂ ತೆಗೆಯದೆ ‘ಯನ್ನು’ ಸೇರಿಸಿದರೆ ‘ಮನೆಯನ್ನು’. ಪ್ರೌಢಶಾಲೆಯಲ್ಲಿ ಸಂಧಿಪ್ರಕರಣವನ್ನು ಓದಿದವರು ಇವು ಲೋಪವೂ ಆಗಮವೂ ಎಂಬುದನ್ನು ಒಡನೆಯೇ ಗುರುತಿಸುವರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡದ ಸಂಧಿಗಳಿಗೆ ಸೂತ್ರ ಬರೆದವನು; ಇಂದಿನ ಪರೀಕ್ಷಕವು ಬೇಡುತ್ತಿರುವುದೂ ಸೂತ್ರಗಳನ್ನೇ.

ಆದರೆ ಕೆಲಸವು ಕಂಡಷ್ಟು ಸುಲಭವಲ್ಲ. ಉಕಾರಾಂತ ಪದಗಳಿಗೆಲ್ಲ ಊರಿನ ಸೂತ್ರವನ್ನೇ ಹಚ್ಚಿದರೆ ‘ಗುರು’ವು ‘ಗುರನ್ನು’ ಆಗಿ, ಯಂತ್ರವು ಅದನ್ನು ಸರಿಯೆಂದು ಒಪ್ಪಿಬಿಡುತ್ತದೆ. ‘ಊರು, ಕಾಡು, ಹಾಡು’ಗಳಲ್ಲಿ ಮೊದಲನೆಯ ಸ್ವರ ದೀರ್ಘ, ‘ಗುರು, ಮಗು, ಹಸು’ಗಳಲ್ಲಿ ಹ್ರಸ್ವ. ಹಾಗಾದರೆ ಎರಡು ಅಕ್ಷರಗಳ ಪದಗಳಲ್ಲಿ ಮೊದಲನೆಯದು ದೀರ್ಘವಾಗಿದ್ದರೆ ಉಕಾರ ಲೋಪವಾಗುತ್ತದೆಂದು ಹೇಳೋಣವೆ? ಜಾಣ ವಿದ್ಯಾರ್ಥಿಯೊಬ್ಬನು ಹೀಗೆ ಊಹಿಸಿದೊಡನೆ ಮತ್ತೊಬ್ಬನು ‘ವಾಯು’ವನ್ನು ಮುಂದಿಡುವನು, ಅಲ್ಲಿ ‘ವಾಯುವನ್ನು’ ಎಂದೇ ಆಗಬೇಕು. ಊಹೆ, ಪರೀಕ್ಷೆ, ವಿರುದ್ಧೋದಾಹರಣೆ, ತಿದ್ದಿದ ಊಹೆ: ಇದು ವಿಜ್ಞಾನವಲ್ಲದೆ ಮತ್ತೇನು? ಸೂತ್ರವು ಸಡಿಲವಾದರೆ ತಪ್ಪೆಲ್ಲ ಸರಿಯಾಗುತ್ತದೆ, ಬಿಗಿಯಾದರೆ ಸರಿಯೆಲ್ಲ ತಪ್ಪಾಗುತ್ತದೆ. ಎಲ್ಲವನ್ನೂ ಒಪ್ಪುವ ಪರೀಕ್ಷಕವೂ ಎಲ್ಲವನ್ನೂ ತಳ್ಳುವ ಪರೀಕ್ಷಕವೂ ಸಮಾನವಾಗಿ ನಿಷ್ಪ್ರಯೋಜಕ. ನಡುವಣ ಹದವನ್ನು ಗೊತ್ತುಮಾಡುವುದು ಕನ್ನಡವನ್ನು ಬಲ್ಲವರಿಂದ ಮಾತ್ರ ಸಾಧ್ಯ. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಒಂದು ಗಣಕಯಂತ್ರ, ಒಂದು ವ್ಯಾಕರಣ ಪುಸ್ತಕ, ಗಣಕದಲ್ಲಿ ಆಸಕ್ತಿಯುಳ್ಳ ಇಬ್ಬರು, ಕನ್ನಡದಲ್ಲಿ ಆಸಕ್ತಿಯುಳ್ಳ ಇಬ್ಬರು ಇದ್ದರೆ ಯಾವ ಕಾಲೇಜಿನಲ್ಲಿಯಾದರೂ ಆರಂಭಿಸಬಹುದು.

ಇಲ್ಲಿ ಕೆಲವು ಆಕ್ಷೇಪಗಳು ಬರಬಹುದು. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುವುದರಿಂದ ಕಾಗುಣಿತದ ತೊಡಕೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಆದರೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವಾಗಲಿ, ಶ, ಷ, ಸಗಳ ಭೇದವಾಗಲಿ, ಅಕಾರ ಹಕಾರಗಳ ಭೇದವಾಗಲಿ ಎಲ್ಲರ ಉಚ್ಚಾರಣೆಯಲ್ಲಿ ಉಳಿದಿಲ್ಲ. ಕಿವಿ ತೋರದ ಭೇದವನ್ನು ಕಣ್ಣು ಕಲಿಯಬೇಕಾಗಿದೆ. ಅರ್ಥವಾದರೆ ಸಾಲದೇ, ಕಾಗುಣಿತದ ಹಟವೇಕೆ ಎಂಬುದು ಇನ್ನೊಂದು ಆಕ್ಷೇಪ. ಪತ್ರವನ್ನು ಓದುವವನು ಎದುರಿಗಿಲ್ಲ. ಬರೆದವನ ಮುಖವಾಗಲಿ ದನಿಯಾಗಲಿ ಅವನ ನೆರವಿಗೆ ಬರುವುದಿಲ್ಲ. ಬರೆದವನು ಅಕ್ಷರಗಳಲ್ಲಿ ತೋರಿದ ಎಚ್ಚರವೇ ಓದುವವನಿಗೆ ತೋರಿದ ಮರ್ಯಾದೆ.

ಮೂರನೆಯ ಆಕ್ಷೇಪವು ಹೊಸದು. ವಾಕ್ಯದ ಸಂದರ್ಭವನ್ನೇ ನೋಡಿ ತಿದ್ದುವ ದೊಡ್ಡ ಭಾಷಾಮಾದರಿಗಳು ಬಂದಿರುವಾಗ ಪದಪಟ್ಟಿಯ ಹಂಗೇಕೆ ಎನ್ನುತ್ತಾರೆ. ಅವುಗಳ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ‘ಬೆಲೆ’ಗೂ ‘ಬೆಳೆ’ಗೂ ಇರುವ ಅಂತರವನ್ನು ಅವು ಹಿಡಿಯಬಲ್ಲವು. ಆದರೆ ಅಂಥವನ್ನು ಬಳಸುವಾಗ ಪತ್ರವು ಸಾಮಾನ್ಯವಾಗಿ ದೂರದ ಯಾರದೋ ಯಂತ್ರಕ್ಕೆ ಹೋಗಿ ಬರಬೇಕಾಗುತ್ತದೆ. ಪದಪಟ್ಟಿಯ ಪರೀಕ್ಷಕವಾದರೋ ನಮ್ಮ ಮೇಜಿನ ಮೇಲೆಯೇ, ನಮ್ಮ ಗುಟ್ಟನ್ನು ಹೊರಗೆ ಬಿಡದೆ, ಹಳೆಯ ಯಂತ್ರದಲ್ಲಿಯೂ, ಅಂತರಜಾಲದ ಸಂಪರ್ಕವಿಲ್ಲದ ಹಳ್ಳಿಯಲ್ಲಿಯೂ ಕೆಲಸ ಮಾಡುತ್ತದೆ. ಅದು ಒಂದು ಪದವನ್ನು ಏಕೆ ತಳ್ಳಿತೆಂಬುದನ್ನು ಕಡತ ತೆರೆದು ತಿಳಿಯಬಹುದು. ತಪ್ಪಿದ್ದರೆ ಒಂದು ಸಾಲನ್ನು ತಿದ್ದಿ ಸರಿಪಡಿಸಬಹುದು. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬೇರಿಲ್ಲ.

ಆದಕಾರಣ ನಮ್ಮ ತರುಣ ವಾಚಕರಲ್ಲಿ ನಾವು ಕೇಳುವುದಿಷ್ಟು. ಪರೀಕ್ಷಕವನ್ನು ನಿಲ್ಲಿಸಬೇಡಿ. ಗೆರೆ ಬಿದ್ದಾಗ ಮೊದಲು ನಿಘಂಟನ್ನೂ ಪುಸ್ತಕವನ್ನೂ ನೋಡಿ. ಪದವು ತಪ್ಪಾಗಿದ್ದರೆ ತಿದ್ದಿಕೊಳ್ಳಿ. ಸರಿಯಾಗಿದ್ದರೆ, ‘ಮರದಲ್ಲಿಯೂ’ ಎಂಬುದನ್ನು ಒಡೆದು ಯಂತ್ರಕ್ಕೆ ಒಪ್ಪಿಸಲು ಹೋಗಬೇಡಿ. ಆ ಪದವನ್ನೂ ಅದು ಹುಟ್ಟಿದ ಸೂತ್ರವನ್ನೂ ಒಂದು ಪುಸ್ತಕದಲ್ಲಿ ಗುರುತುಹಾಕಿಕೊಳ್ಳಿ. ಒಂದು ವರ್ಷದಲ್ಲಿ ಒಂದು ತರಗತಿಯವರು ಹೀಗೆ ಕೂಡಿಹಾಕಿದ ಸೂತ್ರಗಳು, ಕನ್ನಡದಲ್ಲಿ ಪತ್ರ ಬರೆಯುವವರೆಲ್ಲರ ಯಂತ್ರದಲ್ಲಿ ಕೆಲಸಮಾಡಬಲ್ಲ ಕಡತಕ್ಕೆ ಮೊದಲ ಪುಟವಾಗಬಲ್ಲವು.